ಕುರ್ಚಿಯ ಮೇಲಿನ ಮುಳ್ಳುಹೂವು

ಹಳೆಯ ಜಮೀನ್ದಾರರ ಬಂಗಲೆಗಳನ್ನು ನೋಡಲು ಹೋಗುವುದು ನಮ್ಮ ಮನೆಯ ರೂಢಿ. ಮೇ ತಿಂಗಳ ಮೊದಲ ಶನಿವಾರ, ಮಳೆ ಬರಲಿ ಬಿಡಲಿ, ಎಲ್ಲರೂ ಒಂದೇ ಕಾರಿನಲ್ಲಿ ಹೊರಡುತ್ತಿದ್ದೆವು. ನನ್ನ ಹೆಂಡತಿ ಈನಿಡ್ ಅಲ್ಲಿನ ವರ್ಣಚಿತ್ರಗಳನ್ನು ಕಣ್ಣೆತ್ತಿಯೂ ನೋಡಿದವಳಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, ತೂಗುಹಾಕಿದ ತಾಮ್ರದ ಪಾತ್ರೆಗಳ ತಳವನ್ನು ಕತ್ತೆತ್ತಿ ಪರೀಕ್ಷಿಸುವುದು ಅವಳ ಪದ್ಧತಿ.

“ನೋಡು ವಿಲ್ಫ್, ಇಪ್ಪತ್ತೆಂಟು ಜನ ಆಳುಗಳಿದ್ರಂತೆ. ತಳ ಉಜ್ಜೋಕೆ ಒಬ್ಬರಿಗೂ ಪುರುಸೊತ್ತಿರಲಿಲ್ಲ!”

ಕಾವಲಿಗೆ ನಿಂತವರು ಕೇಳಿಸಿಕೊಳ್ಳಲಿ ಎಂದೇ ಅವಳು ಗಟ್ಟಿಯಾಗಿ ಹೇಳುತ್ತಿದ್ದಳು. ನಾನು ನಾಚಿಕೆಯಿಂದ ಬೇರೆ ಕೋಣೆಗೆ ಸರಿದುಬಿಡುತ್ತಿದ್ದೆ. ಮೂವತ್ತು ವರ್ಷ ನಮ್ಮ ಚರ್ಚಿನ ಬಾಗಿಲಲ್ಲಿ ನಿಂತು, ಬಂದವರಿಗೆ ಎಲ್ಲಿ ಕೂರಬೇಕೆಂದು ತೋರಿಸಿದವನು ನಾನು. ಯಾವುದಕ್ಕೂ ಒಂದು ಕ್ರಮವಿರಬೇಕು ಎಂಬುದು ನನ್ನ ನಂಬಿಕೆಯಾಗಿತ್ತು.

ಹೋದ ವರ್ಷ ಸ್ಕಾರ್‌ಹೋಮ್ ಬಂಗಲೆಗೆ ಹೋಗಿದ್ದೆವು. ಅಲ್ಲಿ ಮಹಡಿಯ ಮೇಲೆ ಒಂದು ಉದ್ದನೆಯ ಹಜಾರ. ಗೋಡೆಯುದ್ದಕ್ಕೂ ಮುನ್ನೂರು ವರ್ಷ ಹಳೆಯ ಕುರ್ಚಿಗಳು. ಯಾರೂ ಕೂರಬಾರದೆಂದು ಪ್ರತಿಯೊಂದರ ಮೇಲೂ ಒಣಗಿದ ಮುಳ್ಳುಹೂವೊಂದನ್ನು ಇಟ್ಟಿರುತ್ತಾರೆ. ಬರೆದ ಫಲಕ ಬೇಕಿಲ್ಲ; ಮಕ್ಕಳಿಗೂ ಅದರ ಅರ್ಥ ಗೊತ್ತು. ಈನಿಡ್ ಅಂಥ ಒಂದು ಕುರ್ಚಿಯ ಮೇಲೆ, ಮುಳ್ಳುಹೂವಿನ ಮೇಲೆಯೇ, ಕೂತುಬಿಟ್ಟಳು.

ಕಾವಲಿನ ಹೆಂಗಸು ಓಡಿಬಂದರು. ಹಜಾರದ ಜನವೆಲ್ಲ ತಿರುಗಿ ನೋಡಿತು. ಈನಿಡ್ ಎದ್ದು, ಲಂಗಕ್ಕೆ ಕಚ್ಚಿಕೊಂಡಿದ್ದ ಮುಳ್ಳನ್ನು ಬಿಡಿಸಿ ಆಕೆಯ ಕೈಗೆ ಕೊಟ್ಟು ಹೇಳಿದಳು: “ತಪ್ಪಾಯ್ತು ಕಣಮ್ಮ. ದಿಂಬು ಸ್ವಲ್ಪ ಗಟ್ಟಿ ಅನ್ನಿಸ್ತು, ಆದ್ರೂ ಹೊಂದ್ಕೊಂಡೆ.”

ಇಡೀ ಹಜಾರ ನಕ್ಕಿತು. ನನ್ನ ಮಗ ರಾಡ್ನಿ ಗೋಡೆ ಹಿಡಿದುಕೊಂಡು ನಕ್ಕ.

ಅದಾಗಿ ಮೂರನೆಯ ದಿನ, ಮಂಗಳವಾರ ಬೆಳಿಗ್ಗೆ, ಈನಿಡ್ ಹೃದಯ ನಿಂತು ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನ ಊಟದ ಹೊತ್ತಿಗೆ ರಾಡ್ನಿ ಈ ಕಥೆ ಹೇಳಿದ. ಪಾದ್ರಿಗಳೂ ನಕ್ಕರು. “ಅಮ್ಮನ ಕೊನೇ ಒಳ್ಳೇ ದಿನ” ಎಂದಳು ಮಗಳು ಜೂಡಿತ್. ಅಂದಿನಿಂದ ಅವರಿಬ್ಬರೂ ಆ ನಗುವನ್ನು ಹಿಡಿದುಕೊಂಡೇ ದಿನ ದೂಡಿದರು.

ನಾನು ಅವರಿಗೆ ಹೇಳದ ಮಾತೊಂದಿತ್ತು. ಅಂದು ಆ ಕುರ್ಚಿಯಲ್ಲಿ ಕೂತೊಡನೆ ಅವಳು ನನ್ನ ತೋಳು ಹಿಡಿದು, “ವಿಲ್ಫ್, ಉಸಿರು ಸಿಗ್ತಿಲ್ಲ. ಒಂದೇ ನಿಮಿಷ” ಎಂದಿದ್ದಳು. ನಾನು ಹಲ್ಲು ಕಚ್ಚಿ, “ಏಳು. ಜನ ನೋಡ್ತಿದ್ದಾರೆ” ಎಂದಿದ್ದೆ. ಅವಳು ನನ್ನ ಮುಖ ನೋಡಿ ಎದ್ದಳು. ಆ ತಮಾಷೆ ಮಾಡಿದ್ದು ನನ್ನ ಮಾನ ಉಳಿಸಲಿಕ್ಕೆ. ಆಮೇಲೆ ಅವಳನ್ನು ಇನ್ನೂ ಒಂದು ಮಹಡಿ ಹತ್ತಿಸಿದೆ.

ಈ ವರ್ಷವೂ ಅಲ್ಲಿಗೇ ಹೋಗಬೇಕೆಂದು ಮಕ್ಕಳು ನಿರ್ಧರಿಸಿದಾಗ, ಅದೇ ಜಾಗದಲ್ಲಿ ನಿಜ ಹೇಳುವ ಬಲ ಕೊಡೆಂದು ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ನಲವತ್ತು ದಿನವೂ ದೇವರನ್ನು ಬೇಡಿದೆ. ಹೇಳಿದರೆ ಮಕ್ಕಳಿಗೆ ಉಳಿದಿರುವ ನಗುವನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ನನ್ನ ಪ್ರಾರ್ಥನೆಯೆಲ್ಲ ಸುಳ್ಳು.

ಅಡುಗೆಮನೆಯಲ್ಲಿ ರಾಡ್ನಿ ಪಾತ್ರೆಗಳ ಕೆಳಗೆ ಕತ್ತು ಚಾಚಿ ಕೂಗಿದ. “ಅಮ್ಮಾ, ಈ ವರ್ಷಾನೂ ಉಜ್ಜಿಲ್ಲ!”

“ಮೆಲ್ಲಗೋ, ಹೊರಗೆ ಹಾಕ್ತಾರೆ” ಎಂದು ಜೂಡಿತ್ ನಕ್ಕು, ಕಣ್ಣೊರೆಸಿಕೊಂಡಳು. ಅವಳ ಒಂಬತ್ತು ವರ್ಷದ ಮಗಳು ಟ್ಯಾಮ್ಸಿನ್, “ಮಾಮ, ಅಜ್ಜಿ ಕೂತ ಕುರ್ಚಿ ತೋರಿಸು” ಎಂದು ಅವನ ಕೈ ಎಳೆದಳು.

ಹಜಾರದಲ್ಲಿ ಅದೇ ಹೆಂಗಸು ನಿಂತಿದ್ದರು. ಎದೆಯ ಪಟ್ಟಿಯ ಮೇಲೆ ಓಪನ್‌ಶಾ ಎಂದಿತ್ತು. ನಮ್ಮನ್ನು ಕಂಡೊಡನೆ ಗುರುತು ಹಿಡಿದರು. “ದಿಂಬಿನ ಅಮ್ಮ ಬರ್ಲಿಲ್ವಾ?”

ರಾಡ್ನಿ ಮೆಲ್ಲನೆ ಹೇಳಿದ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು, “ಯಾವಾಗ?” ಎಂದರು.

“ಅದಾಗಿ ಮೂರೇ ದಿನಕ್ಕೆ. ಮಂಗಳವಾರ.”

ಆಕೆ ಕಿಟಕಿಯ ಕಡೆ ಕೈ ತೋರಿದರು. ಅಲ್ಲಿ ಮರದ ಸಾದಾ ಕುರ್ಚಿಯೊಂದಿತ್ತು. ಅದರ ಮೇಲೆ ಮುಳ್ಳಿರಲಿಲ್ಲ. “ಅವತ್ತು ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಕುರ್ಚಿ ನೋಡಿದೆ, ಅವರನ್ನ ನೋಡ್ಲಿಲ್ಲ. ಆಮೇಲೆ ಮನಸ್ಸು ತಡೀಲಿಲ್ಲ, ಸುಸ್ತಾದವರು ಕೂರ್ಲಿ ಅಂತ ನಾನೇ ಕೇಳಿ ಇದನ್ನ ಹಾಕಿಸ್ದೆ. ನಾನು ಎಬ್ಬಿಸ್ಬಾರ್ದಿತ್ತು. ನನ್ನದೇ ತಪ್ಪು.”

“ಛೆ, ನಿಮಗೇನು ಗೊತ್ತಿತ್ತು?” ಎಂದ ರಾಡ್ನಿ.

ನನ್ನ ಪಾಪವನ್ನು ಒಬ್ಬ ಅಪರಿಚಿತ ಹೆಂಗಸು ಒಂದು ವರ್ಷದಿಂದ ಹೊತ್ತು ನಿಂತಿದ್ದರು. ನಾನು ಬಾಯಿ ತೆರೆದೆ.

“ಎಬ್ಬಿಸಿದ್ದು ನೀವಲ್ಲಮ್ಮ, ನಾನು. ಉಸಿರು ಸಿಗ್ತಿಲ್ಲ ಅಂತ ನನಗೆ ಹೇಳಿದ್ಲು. ಜನ ನೋಡ್ತಿದ್ದಾರೆ, ಏಳು ಅಂದೆ.”

ಶ್ರೀಮತಿ ಓಪನ್‌ಶಾ ನನ್ನ ಕೈ ಮುಟ್ಟಲು ಬಂದು, ನಡುವೆಯೇ ನಿಂತರು. ಜೂಡಿತ್ ನನ್ನತ್ತ ತಿರುಗಿದಳು.

“ಆಮೇಲೂ ಮೇಲಿನ ಮಹಡಿಗೆ ಕರ್ಕೊಂಡು ಹೋದ್ಯಲ್ಲಪ್ಪ” ಎಂದಳು.

“ಹೌದು.”

“ನಾವು ಹಿಂದೆ ನಗ್ತಾ ಬಂದ್ವಿ.”

“ಹೌದಮ್ಮ.”

ಈ ಸಲ ಮೇಲಿನ ಮಹಡಿಗೆ ಯಾರೂ ಹತ್ತಲಿಲ್ಲ. ಕುದುರೆಲಾಯದಲ್ಲಿ ಮಾಡಿರುವ ಚಹಾದಂಗಡಿಯಲ್ಲಿ ಹೋಗಿ ಕೂತೆವು. ಜಾಮು, ಕೆನೆ, ಅವನ್ನು ಹಚ್ಚಿ ತಿನ್ನುವ ಸ್ಕೋನ್ ಎಂಬ ಬನ್ನು ಬಂದವು. ಮೊದಲು ಜಾಮೋ ಕೆನೆಯೋ ಎಂದು ಪ್ರತಿ ವರ್ಷ ಜಗಳವಾಡುತ್ತಿದ್ದ ರಾಡ್ನಿ ಯಾವುದನ್ನೂ ಹಚ್ಚಲಿಲ್ಲ.

“ಮಾಮ, ಮುಳ್ಳಿನ ಕಥೆ ಹೇಳು” ಎಂದಳು ಟ್ಯಾಮ್ಸಿನ್.

“ಇವತ್ತು ಬೇಡ ಪುಟ್ಟಿ.”

“ಮತ್ತೆ ಯಾವಾಗ?”

ಅವನು ತನ್ನ ಸ್ಕೋನನ್ನು ಅವಳ ತಟ್ಟೆಗೆ ಹಾಕಿದ. ನನ್ನ ಕಡೆ ನೋಡಲಿಲ್ಲ.

ಹೋದ ವರ್ಷ ಇದೇ ಮೇಜಿನಲ್ಲಿ ಈನಿಡ್ ತನ್ನ ಸ್ಕೋನನ್ನು ತಿನ್ನಲಾರದೆ, ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಿದ್ದಳು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅದು ನನಗೆ ಸಿಕ್ಕಿತು, ಕಲ್ಲಾಗಿತ್ತು. ಇಂದು ಜೂಡಿತ್ ತನ್ನದನ್ನು ಹಾಗೆಯೇ ಸುತ್ತಿದಳು. ಮೂಲೆಗಳನ್ನು ಮಡಿಸಿದ್ದೂ ತಾಯಿಯಂತೆಯೇ. ಚೀಲಕ್ಕೆ ಹಾಕಿಕೊಳ್ಳದೆ ಅದನ್ನು ನನ್ನ ಮುಂದೆ ಇಟ್ಟು, ಕಾರು ತರುತ್ತೇನೆಂದು ಎದ್ದು ಹೋದಳು.