ಹಿಮ್ಮಡಿಯ ಒಂದು ಹನಿ

ಸಾಬ್ರೀನ್ ಸಿಸ್ಟರು ಟ್ರೇ ಹಿಡಿದುಕೊಂಡು ಕಾರಿಡಾರಿನ ಆ ತುದಿಯಲ್ಲಿ ಕಾಣಿಸಿದ್ದೇ ತಡ, ರಾಮಲಕ್ಷ್ಮಮ್ಮ ಎದೆಗೆ ಕಟ್ಟಿಕೊಂಡಿದ್ದ ಮೊಮ್ಮಗಳ ಕಾಲನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಕಾಲೆಂದರೆ ಎಂಥ ಕಾಲು, ಅವಳ ಹೆಬ್ಬೆರಳಿಗಿಂತ ಒಂದು ಚೂರು ಉದ್ದ. ಟ್ರೇಯಲ್ಲಿ ನೀಲಿ ಮುಚ್ಚಳದ ಪುಟ್ಟ ಸೀಸೆಗಳು, ಸೂಜಿ, ಹತ್ತಿ. ಸಿಸ್ಟರು ಹಳದಿ ಪಟ್ಟಿ ಕಟ್ಟಿದ ತೊಟ್ಟಿಲುಗಳ ಹತ್ತಿರ ಮಾತ್ರ ನಿಲ್ಲುತ್ತಾ ಬರುತ್ತಿದ್ದಳು. ರಾಮಲಕ್ಷ್ಮಮ್ಮನ ಪಕ್ಕದಲ್ಲಿದ್ದ ತೊಟ್ಟಿಲಿಗೆ ಪಟ್ಟಿ ಇರಲಿಲ್ಲ. ಬೆಳಿಗ್ಗೆಯವರೆಗೂ ಇತ್ತು. ಈಗ ಅದು ಸುರುಳಿ ಸುತ್ತಿಕೊಂಡು ಅವಳ ಸೊಂಟದಲ್ಲಿ, ಎಲೆಅಡಿಕೆ ಚೀಲದ ಪಕ್ಕದಲ್ಲಿ ಕೂತಿತ್ತು.

ಪಟ್ಟಿ ಎಲ್ಲಿ ಹೋಯಿತು, ಪಾಪುದು ಇವತ್ತು ಎರಡನೇ ಸಲದ ರಕ್ತ ತೆಗೆಯಬೇಕಲ್ಲ ಎಂದು ಸಾಬ್ರೀನ್ ಕೇಳಿದಳು.

"ಆಗ್ಲೇ ತಗೊಂಡ್ರಲ್ಲಮ್ಮ. ಬೆಳಿಗ್ಗೆ ಸಿಸ್ಟರು. ತಗೊಂಡು ಪಟ್ಟೀನೂ ಬಿಚ್ಕೊಂಡೋದ್ರು."

ಸುಳ್ಳು ಹೇಳುವುದರಲ್ಲಿ ರಾಮಲಕ್ಷ್ಮಮ್ಮ ಅಷ್ಟೇನೂ ಪಳಗಿದವಳಲ್ಲ. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಾಗ ಎಷ್ಟು ಬೇಕೋ ಅಷ್ಟು ಹೇಳಿದ್ದಳು, ಅಷ್ಟೆ. ಇದನ್ನು ಹೇಳುವಾಗ ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಅದರ ಮೇಲೆಯೇ ಕಿವಿಯಿಟ್ಟು ಮಲಗಿದ್ದ ಪಾಪುವಿಗೆ ಕೇಳಿಸಿರಲೇಬೇಕು. ಸಾಬ್ರೀನ್ ಹುಬ್ಬು ಗಂಟಿಕ್ಕಿದಳು. ಅಷ್ಟರಲ್ಲಿ ಕೆಳಗೆ ಬೆಂಗಳೂರಿಗೆ ಸೀಸೆಗಳನ್ನು ಐಸ್ ಪೆಟ್ಟಿಗೆಯಲ್ಲಿ ಒಯ್ಯುವ ಜೀಪಿನವನು ಹಾರ್ನ್ ಹೊಡೆಯತೊಡಗಿದ. ಬೆಳಗಿನ ಸಿಸ್ಟರನ್ನು ಕೇಳುತ್ತೇನೆ ಎಂದು ಹೇಳಿ ಅವಳು ಸರಸರನೆ ಹೊರಟುಹೋದಳು.

ರಾಮಲಕ್ಷ್ಮಮ್ಮ ಈ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಬಂದು ವಾರವೂ ಆಗಿರಲಿಲ್ಲ. ಊರು ಶಿಡ್ಲಘಟ್ಟದ ಕಡೆಯದು. ಸೊಸೆ ವರಲಕ್ಷ್ಮಿಗೆ ಏಳು ತುಂಬಿ ಎಂಟಕ್ಕೆ ಬೀಳುತ್ತಿದ್ದ ಹಾಗೆಯೇ ಕಾಲು ಬಾತು, ಬಿ.ಪಿ. ಏರಿ, ಒಂದು ಮಧ್ಯಾಹ್ನ ಹಿಪ್ಪುನೇರಳೆ ಸೊಪ್ಪಿನ ಹೊರೆಯ ಪಕ್ಕದಲ್ಲೇ ಕಣ್ಣು ಮೇಲಾಗಿ ಬಿದ್ದುಬಿಟ್ಟಳು. ಇಲ್ಲಿಗೆ ತಂದ ಕೂಡಲೇ ಕುಯ್ದು ಮಗುವನ್ನು ತೆಗೆದರು. ಬಾಣಂತಿ ಇನ್ನೂ ಎದುರಿನ ವಾರ್ಡಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಮಗುವಿಗೆ ಯಾರಾದರೂ ಮೈಗೆ ಮೈ ತಾಗಿಸಿ ಕಾವು ಕೊಡಬೇಕು ಎಂದಾಗ ರಾಮಲಕ್ಷ್ಮಮ್ಮ ಹಿಂದೆಮುಂದೆ ನೋಡದೆ ರವಿಕೆಯ ಗುಂಡಿ ಬಿಚ್ಚಿದಳು. ಆಗ ತಾನೇ ಮೊಟ್ಟೆಯೊಡೆದ ರೇಷ್ಮೆಹುಳುವನ್ನು ಕೋಳಿಗರಿಯಿಂದ ಎತ್ತಿ, ಕಾಗದ ಹೊದಿಸಿ, ಕೆಂಡದ ಮಡಕೆಯಿಟ್ಟು ಕಾಪಾಡಿ ಗೊತ್ತಿದ್ದ ಹೆಂಗಸಿಗೆ ಕಾವಿನ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಾಬ್ರೀನಂತೂ ಅವಳಿಗೆ ಬಲು ಬೇಗ ಹತ್ತಿರವಾಗಿದ್ದಳು. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್ ಖಲೀಮುಲ್ಲಾ ಸಾಹೇಬರ ಮಗಳಂತೆ. ನಿಮ್ಮನೆ ಗೂಡು ನಮ್ಮನೆ ಬಾಂಡ್ಲಿಯಲ್ಲಿ ಎಷ್ಟು ಸಲ ಬೆಂದಿದೆಯೋ ಅಜ್ಜಿ ಎಂದು ನಕ್ಕಿದ್ದಳು.

ಎಲ್ಲ ಸರಿಯಾಗಿಯೇ ಇತ್ತು, ಡಾಕ್ಟರು ವೇಣುಗೋಪಾಲ್ ಬಂದು ಮಾತಾಡುವವರೆಗೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಮೇಲೆ ಸಂಶೋಧನೆ ಮಾಡುತ್ತಿದ್ದವರು ಅವರೇ. ಒಳ್ಳೆಯ ಮನುಷ್ಯ, ಕುರ್ಚಿ ಎಳೆದುಕೊಂಡು ಕೂತು ಸಮಾಧಾನವಾಗಿ ಹೇಳಿದರು. ತಾಯಿಯ ರಕ್ತದಲ್ಲಿ, ಮಗುವಿನ ಹಿಮ್ಮಡಿಯ ರಕ್ತದಲ್ಲಿ ಕಾಯಿಲೆಯ ಗುರುತು ಇದೆಯೇ ಎಂದು ನೋಡುತ್ತೇವೆ, ನಂಜು ಹೊರಗೆ ಕಾಣಿಸುವ ಮುಂಚೆಯೇ ಆ ಗುರುತು ರಕ್ತದಲ್ಲಿ ಕಾಣುತ್ತದಾ ಎಂದು ತಿಳಿಯಬೇಕು, ಬೇಡವೆಂದರೆ ಬೇಡ ಎಂದರು. ಅವರು ಇನ್ನೂ ಏನೇನೋ ಹೇಳುತ್ತಿದ್ದರು. ಮಗ ಚಲಪತಿ ಆಗಲಿ ಸಾರ್ ಎಂದು ಸಹಿ ಹಾಕಿದ. ರಾಮಲಕ್ಷ್ಮಮ್ಮನ ಕಿವಿಗೆ ಮಾತ್ರ 'ತಾಯಿಯ ರಕ್ತದಲ್ಲಿ ಗುರುತು' ಎಂಬುದರ ಮುಂದಕ್ಕೆ ಒಂದಕ್ಷರವೂ ಬೀಳಲಿಲ್ಲ.

ಅವಳು ಮದುವೆಗೆ ಮುಂಚೆಯೂ ಆಮೇಲೂ ಎಷ್ಟೋ ವರ್ಷ ಗ್ರೇನೇಜಿನಲ್ಲಿ ಕೂಲಿ ಮಾಡಿದವಳು. ರೈತರಿಗೆ ಹಂಚುವ ರೇಷ್ಮೆ ಮೊಟ್ಟೆ ತಯಾರಾಗುವುದು ಅಲ್ಲಿ. ತಾಯಿಚಿಟ್ಟೆ ಹಾಳೆಯ ಮೇಲೆ ಮೊಟ್ಟೆಯಿಟ್ಟು ಮುಗಿಸುತ್ತಲೇ ಅದನ್ನು ಎತ್ತಿ ಪುಟ್ಟ ಕುಟ್ಟಾಣಿಯಲ್ಲಿ ಅರೆಯುತ್ತಾರೆ. ಅರೆದದ್ದರಲ್ಲಿ ಒಂದು ಹನಿ ಗಾಜಿನ ಮೇಲೆ. ಮೇಷ್ಟ್ರ ಹಾಗೆ ಕನ್ನಡಕ ಹಾಕಿಕೊಂಡ ಒಬ್ಬರು ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡುತ್ತಾರೆ. ತಾಯಿಯಿಂದ ಮೊಟ್ಟೆಗೆ ಇಳಿಯುವ ಗಂಟುರೋಗದ ಕಾಳು ಒಂದೇ ಒಂದು ಕಂಡರೂ ಸಾಕು, ತಲೆಯೆತ್ತದೆ ಕೈಯಾಡಿಸುತ್ತಾರೆ. ಆ ತಾಯಿಯ ಮೊಟ್ಟೆಯೆಲ್ಲ ಹಿತ್ತಿಲಿನ ಒಲೆಗೆ. ಹಾಳೆಗಳನ್ನು ಒಲೆಗೆ ಹಾಕುತ್ತಿದ್ದವಳು ರಾಮಲಕ್ಷ್ಮಮ್ಮನೇ. ಅದಕ್ಕಾಗಿ ಅವಳು ಒಂದು ದಿನವೂ ಮರುಗಿದ್ದಿಲ್ಲ. ಒಂದು ಹಾಳೆ ಉಳಿಸಿದರೆ ಊರ ಹುಳುವೆಲ್ಲ ಸಾಯುತ್ತದೆ, ಸುಡುವುದೇ ಸರಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಭಯವಾಗಿದ್ದೂ ಅದಕ್ಕೇ. ಬೀಳುವ ಮುಂಚೆ ವರಲಕ್ಷ್ಮಿಯ ಮೈಯೆಲ್ಲ ಹೇಗೆ ಬಾತಿತ್ತು ಎಂಬುದನ್ನು ಕಣ್ಣಾರೆ ಕಂಡಿದ್ದಳು. ಅಂಥ ತಾಯಿಯಲ್ಲಿ ಗುರುತು ಸಿಗದೆ ಇರುತ್ತದೆಯೇ? ಸಿಕ್ಕಿದ ಮೇಲೆ ಇವರು ಅಂಗೈಯಗಲದ ಹೆಣ್ಣುಮಗುವಿಗೆ ಔಷಧ ಸುರಿಯುತ್ತಾ ಕೂರುತ್ತಾರೆಯೇ? ಸುಡುವುದಿಲ್ಲ, ಅಷ್ಟು ಕಟುಕರೇನಲ್ಲ. ಕೈಬಿಡುತ್ತಾರೆ. ಉಳಿದ ಮಕ್ಕಳಿಗೆ ತಗಲದಿರಲಿ ಎಂದು ಒಂದು ಮೂಲೆಗೆ ಹಾಕುತ್ತಾರೆ.

ಇದನ್ನು ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಿಂದಿನ ಸಂಜೆ ಆಚೆ ಪಕ್ಕದ ತೊಟ್ಟಿಲಿನ ಮಗುವಿನ ರಕ್ತ ತೆಗೆದಿದ್ದರು, ಅದಕ್ಕೂ ಹಳದಿ ಪಟ್ಟಿ. ಬೆಳಗಾಗುವಷ್ಟರಲ್ಲಿ ಆ ಮಗು ಇರಲಿಲ್ಲ. ಆಯಾ ಒಬ್ಬಳು ಆ ತೊಟ್ಟಿಲನ್ನು ಫಿನಾಯಿಲ್ ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಎಲ್ಲಿ ಹೋಯಿತಮ್ಮ ಮಗು ಎಂದರೆ, ಕಳಿಸಿಬಿಟ್ಟರು ಎಂದಳು, ಅಷ್ಟೆ. ಅವಳು ಅತ್ತ ತಿರುಗಿದ್ದೇ ತಡ ರಾಮಲಕ್ಷ್ಮಮ್ಮ ತನ್ನ ಮೊಮ್ಮಗಳ ತೊಟ್ಟಿಲಿನ ಪಟ್ಟಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಸಾಬ್ರೀನ್ ಹೋದ ಮೇಲೆ ಹಾಲು ಬಂತು. ವರಲಕ್ಷ್ಮಿಯ ಹಾಲನ್ನೇ ಹಿಂಡಿ, ಒಳಲೆಗೆ ಹಾಕಿ ಕೊಡುತ್ತಿದ್ದರು. ಬೆಳಿಗ್ಗೆ ಪಾಪು ಎರಡು ಗುಟುಕು ಕುಡಿದು ಬಾಯಿ ಮುಚ್ಚಿಕೊಂಡಿತ್ತು. ಈಗ ಒಳಲೆಯ ಮೂತಿ ತುಟಿಗೆ ತಾಗಿಸಿದರೂ ಮಗು ಬಾಯಿ ತೆರೆಯಲಿಲ್ಲ, ಹಾಲು ಕಟವಾಯಿಂದ ಇಳಿದು ರಾಮಲಕ್ಷ್ಮಮ್ಮನ ಎದೆಯ ಮೇಲೆ ಹರಿಯಿತು. "ಪಾಲು ತಾಗಮ್ಮ, ಬಂಗಾರು," ಎಂದು ಮನೆಯ ಮಾತಾದ ತೆಲುಗಿನಲ್ಲಿ ರಮಿಸಿದಳು. ಇಲ್ಲ. ಹುಳುವೂ ಹೀಗೆಯೇ ಮಾಡುತ್ತದೆ ಎಂದುಕೊಂಡಳು. ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಮಲಗಿಬಿಡುತ್ತದೆ, ಆಗ ಅದನ್ನು ಅಲುಗಿಸಬಾರದು, ಎದ್ದ ಮೇಲೆ ಎರಡರಷ್ಟು ತಿನ್ನುತ್ತದೆ. ಪಾಪುವಿಗೂ ನಿದ್ದೆ ಬೇಕು. ಹೀಗೆಂದು ತನಗೆ ತಾನೇ ಹೇಳಿಕೊಂಡು ಒಳಲೆಯಲ್ಲಿ ಉಳಿದ ಹಾಲನ್ನು ಸಿಂಕಿಗೆ ಚೆಲ್ಲಿದಳು.

ಸೊಸೆಗೆ ಮಗು ತೋರಿಸುವ ಹೊತ್ತಾಗಿತ್ತು. ಎದೆಗೆ ಕಟ್ಟಿಕೊಂಡ ಹಾಗೆಯೇ ಎದುರಿನ ವಾರ್ಡಿಗೆ ಹೋದಳು. ವರಲಕ್ಷ್ಮಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಸ್ವಲ್ಪ ಎದ್ದು ಕೂತು, ಬಟ್ಟೆ ಸರಿಸಿ ಮಗುವಿನ ನೆತ್ತಿಯ ಮೇಲೆ ಬೆರಳಿಟ್ಟಳು.

"ಹಾಲು ಕುಡಿದ್ಲಾ ಅತ್ತೆ?"

"ಕುಡಿದ್ಲು."

"ಯಾಕೋ ಸುಮ್ಗವಳಲ್ಲ. ನಿನ್ನೆ ಮುಟ್ಟಿದ್ರೆ ಮುಖ ಕಿವುಚ್ತಿದ್ಲು."

ನಿದ್ದೆ ಕಣಮ್ಮ ಎಂದು ಹೇಳಿ ರಾಮಲಕ್ಷ್ಮಮ್ಮ ಹೆಚ್ಚು ಹೊತ್ತು ನಿಲ್ಲದೆ ಬಂದುಬಿಟ್ಟಳು. ಒಂದು ಸುಳ್ಳಿಗೆ ಇನ್ನೊಂದು ಸೇರಿತ್ತು. ಕುರ್ಚಿಯಲ್ಲಿ ಒರಗಿ ಕೂತು ಬಟ್ಟೆ ಬಿಗಿ ಮಾಡಿಕೊಂಡಳು. ಹೊರಗೆ ಒಳ್ಳೆಯ ಬಿಸಿಲು, ನಂದಿಬೆಟ್ಟದ ಕಡೆಯಿಂದ ಗಾಳಿಯೂ ಇಲ್ಲ, ಅವಳ ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಹೊಟ್ಟೆಯ ಮೇಲೆ ಎರಡು ಕಡೆ ಮಾತ್ರ ತಣ್ಣಗಿತ್ತು. ಬಟ್ಟೆ ಒದ್ದೆಯಾಗಿರಬೇಕೆಂದು ಕೈಹಾಕಿದಳು. ಬಟ್ಟೆ ಒಣಗಿತ್ತು. ತಣ್ಣಗಿದ್ದದ್ದು ಪಾಪುವಿನ ಎರಡು ಅಂಗಾಲುಗಳು.

ಅಂಗೈಯಲ್ಲಿ ಹಿಡಿದು ಉಜ್ಜಿದಳು, ಉಸಿರು ಊದಿದಳು. ಬೆಚ್ಚಗಾಗಲಿಲ್ಲ. ಬೆಳಕಿಗೆ ತಿರುಗಿಸಿ ನೋಡಿದರೆ ಮೊಳಕಾಲಿನವರೆಗೆ ಚರ್ಮ ನೀಲಿ ನೀಲಿಯಾಗಿತ್ತು. ಎದೆಯ ಮೇಲೆ ಅಷ್ಟು ದಿನದಿಂದ ಏರುತ್ತಾ ಇಳಿಯುತ್ತಾ ಇದ್ದ ಆ ಚೂರು ಉಸಿರು ನಿಂತಿತು. ಬೆನ್ನು ತಟ್ಟಿದಳು, ಮಗು ಕೊಸಕ್ಕೆಂದು ಮತ್ತೆ ಎಳೆದುಕೊಂಡಿತು. ಸಿಸ್ಟರನ್ನು ಕೂಗಿದರೆ ಸೂಜಿ ಬರುತ್ತದೆ, ಸೂಜಿ ಬಂದರೆ ಗುರುತು ಸಿಗುತ್ತದೆ. ಕೂಗದಿದ್ದರೆ ಇಲ್ಲೇ, ಈ ಎದೆಯ ಮೇಲೆಯೇ. ಹುಳು ಮಲಗುವುದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಅವಳಿಗೆ ಹಾಲು ಚೆಲ್ಲುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಕೂತಿದ್ದಳು ಮುಂಡೇದು. ತನ್ನನ್ನು ತಾನೇ ಬೈದುಕೊಂಡು ಅವಳು ಎದ್ದಳು.

ಸಾಬ್ರೀನ್ ಮೆಟ್ಟಿಲು ಹತ್ತಿ ಮೇಲಕ್ಕೆ ಬರುತ್ತಿದ್ದಳು. ಬೆಳಗಿನ ಸಿಸ್ಟರು ರಕ್ತ ತೆಗೆದಿಲ್ಲವೆಂದು ಅವಳಿಗೆ ಆಗಲೇ ತಿಳಿದಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ರಾಮಲಕ್ಷ್ಮಮ್ಮ ಅವಳು ಬಾಯಿ ತೆಗೆಯಲು ಬಿಡಲಿಲ್ಲ.

"ಸುಳ್ಳೇಳ್ದೆ ಕಣಮ್ಮ. ಪಟ್ಟಿ ನಾನೇ ಬಿಚ್ಚಿದ್ದು. ಪಾಪು ಕಾಲು ತಣ್ಣಗಾಗ್ಬಿಟ್ಟೈತೆ, ಉಸಿರು ನಿಂತ್ ನಿಂತ್ ಬತ್ತೈತೆ. ತಗೋ ರಕ್ತ. ಗುರುತು ಸಿಕ್ಕಿದ್ರೆ ಬಿಸಾಕ್ಬೇಡಿ, ನನ್ ಕೈಗೆ ಕೊಟ್ಬಿಡಿ. ಎಂಗೋ ಸಾಕೊತೀನಿ."

ಸಾಬ್ರೀನ್ ಮಗುವಿನ ಕಾಲು ಮುಟ್ಟಿದವಳೇ ಅವಳ ರಟ್ಟೆ ಹಿಡಿದು ಓಡತೊಡಗಿದಳು. ಬಾಗಿಲ ಹತ್ತಿರ ಹೋಗುವಾಗ ಒಂದು ಕ್ಷಣ ತಿರುಗಿ ನೋಡಿದಳು. ರೀಲರ ಮಗಳಲ್ಲವೇ, ಹೇಳದೆಯೂ ಅರ್ಥವಾಗಿತ್ತು.

"ಗ್ರೇನೇಜಲ್ಲಿ ಕೆಲ್ಸ ಮಾಡಿದ್ರಾ ಅಜ್ಜಿ?"

ರಾಮಲಕ್ಷ್ಮಮ್ಮ ತಲೆಯಾಡಿಸಿದಳು.

"ಇಲ್ಲಿ ಹುಡುಕೋದು ಸುಡೋಕಲ್ಲ ಅಜ್ಜಿ. ಉಳಿಸ್ಕೊಳ್ಳೋಕೆ."

ಒಳಗೆ ವೇಣುಗೋಪಾಲ್ ಡಾಕ್ಟರು ಮಗುವನ್ನು ಕಾವು ಕೊಡುವ ದೀಪದ ಕೆಳಗೆ ಮಲಗಿಸಿ ಹಿಮ್ಮಡಿಗೆ ಸೂಜಿ ಚುಚ್ಚಿದರು. ರಾಮಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡು ಅಳುವಿಗಾಗಿ ಕಾದಳು. ಅಳು ಬರಲಿಲ್ಲ. ಕಣ್ಣು ಬಿಟ್ಟರೆ ರಕ್ತದ ಹನಿ ಆಗಲೇ ಸೀಸೆಗೆ ಇಳಿಯುತ್ತಿತ್ತು, ಮಗು ಕಾಲನ್ನು ಸರಿಸಿಯೂ ಇರಲಿಲ್ಲ. ಯಾವಾಗಿನಿಂದ ಹಾಲು ಬಿಟ್ಟಿದೆ, ನಿಜ ಹೇಳಿ ಎಂದು ಡಾಕ್ಟರು ಕೇಳಿದರು. ಬೆಳಿಗ್ಗೆಯಿಂದ ಎಂದು ನಿಜವನ್ನೇ ಹೇಳಿದಳು. "ಬೆಳಿಗ್ಗೇನೇ ಗೊತ್ತಾಗಿದ್ದಿದ್ರೆ," ಎಂದು ಶುರುಮಾಡಿದ ಅವರು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಂಜೇ ಇರಬೇಕೆಂದು, ಬೆಂಗಳೂರಿನಿಂದ ಬರಬೇಕಾದ ಫಲಿತಾಂಶಕ್ಕೆ ಅವರು ಕಾಯಲಿಲ್ಲ. ಕೈಗೆ ನಳಿಗೆ ಹಾಕಿ ಔಷಧ ಬಿಟ್ಟರು, ಮೂಗಿಗೆ ಗಾಳಿ ಕೊಟ್ಟರು, ಅವಳನ್ನು ಹೊರಗೆ ಕಳಿಸಿದರು.

ಗಾಜಿನ ಬಾಗಿಲಿನ ಹೊರಗೆ ಅವಳು ಎಷ್ಟು ಹೊತ್ತು ನಿಂತಳೋ. ರವಿಕೆಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತಿದ್ದಳು. ಪಾಪುವಿನ ಭಾರ ಇಲ್ಲದ ಎದೆ ಬರಿದಾಗಿ, ತಣ್ಣಗೆ ಅನ್ನಿಸುತ್ತಿತ್ತು. ಆಚೆ ತೊಟ್ಟಿಲಿನ ಮಗುವನ್ನು ಬೆಂಗಳೂರಿಗೆ ಹೃದಯದ ಆಪರೇಷನ್ನಿಗೆ ಕಳಿಸಿದ್ದು, ಅದು ಚೆನ್ನಾಗಿದೆಯಂತೆ ಎಂದು ಸಾಬ್ರೀನ್ ಬಂದು ಹೇಳಿದಾಗ, ರಾಮಲಕ್ಷ್ಮಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಎದುರಿನ ವಾರ್ಡಿಗೆ ಹೋಗಿ, ಸೊಸೆಯ ಮಂಚದ ಪಕ್ಕ ಕೂತು, ಒಂದನ್ನೂ ಬಿಡದೆ ಹೇಳಿದಳು. ವರಲಕ್ಷ್ಮಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವತ್ತೂ ಮಾತಾಡಲಿಲ್ಲ, ಮಾರನೆಯ ದಿನವೂ ಮಾತಾಡಲಿಲ್ಲ. ಅತ್ತೆ ಕೊಟ್ಟ ಗಂಜಿಯನ್ನು ಕುಡಿದು ಲೋಟ ಮಾತ್ರ ಕೆಳಗಿಡುತ್ತಿದ್ದಳು.

ಮಗು ದೀಪದ ಕೆಳಗೆ ಅಲ್ಲೂ ಇಲ್ಲ ಇಲ್ಲೂ ಇಲ್ಲ ಎಂಬಂತೆ ಮಲಗಿತ್ತು. ದಿನ ಕಳೆಯಿತು. ಒಂದು ಬೆಳಿಗ್ಗೆ ಮೂಗಿನ ನಳಿಗೆ ತೆಗೆದರು, ಇನ್ನೊಂದು ಬೆಳಿಗ್ಗೆ ಒಳಲೆಯ ತುದಿಯಿಂದ ಒಂದು ಹನಿ ಹಾಲು ಗಂಟಲಿಗೆ ಇಳಿಯಿತಂತೆ. ಮತ್ತೆ ಎದೆಗೆ ಕಟ್ಟಿಕೊಳ್ಳಬಹುದು ಎಂದಾಗ ರಾಮಲಕ್ಷ್ಮಮ್ಮ ಹಿಂದೆ ಸರಿದು ನಿಂತಳು. ಬೆಳಗಿನ ಸಿಸ್ಟರೇ ಅವಳ ಕೈ ಹಿಡಿದು ಕುರ್ಚಿಗೆ ಕೂರಿಸಿ ಮಗುವನ್ನು ಎದೆಯ ಮೇಲೆ ಇಟ್ಟರು.

ಅವತ್ತೇ ಸಾಬ್ರೀನ್ ಟ್ರೇ ತಂದಳು. ಸಂಶೋಧನೆಯ ಕೊನೆಯ ಸಲದ ರಕ್ತ, ಮನಸ್ಸಿಲ್ಲದಿದ್ದರೆ ಈಗಲೂ ಬೇಡ ಅನ್ನಬಹುದು ಎಂದಳು. ಅದನ್ನು ಹೇಳಬೇಕಾದವಳು ನಾನಲ್ಲ ಎಂದು ರಾಮಲಕ್ಷ್ಮಮ್ಮ ಎದುರಿನ ವಾರ್ಡಿಗೆ ಕಳಿಸಿದಳು. ಸಾಬ್ರೀನ್ ಹೋಗಿ ಕೇಳಿಕೊಂಡು ಬಂದು, ತಗೋ ಅಂದರು ಎಂದಳು. ರಾಮಲಕ್ಷ್ಮಮ್ಮ ಸೊಂಟದಿಂದ ಹಳದಿ ಪಟ್ಟಿ ತೆಗೆದಳು. ಒಗೆದು ಒಣಗಿಸಿದ್ದಳು, ಆದರೂ ಸುಣ್ಣದ ಕಲೆ ಹೋಗಿರಲಿಲ್ಲ. ಅದನ್ನು ತೊಟ್ಟಿಲಿನ ಸರಳಿಗೆ ಎರಡು ಗಂಟು ಹಾಕಿ ಕಟ್ಟಿದಳು. ಆಮೇಲೆ ಸೆರಗು ಸರಿಸಿ, ಮಗುವಿನ ಕಾಲನ್ನು ತಾನೇ ಹೊರಗೆ ತೆಗೆದು, ಹಿಮ್ಮಡಿಯನ್ನು ಹಿಡಿದುಕೊಟ್ಟಳು. ಅಂಗಾಲು ಬೆಚ್ಚಗಿತ್ತು.

ಸೂಜಿ ತಾಗಿತು. ಕಾಲು ಸರಕ್ಕನೆ ಒಳಕ್ಕೆ ಹೋಯಿತು. ಮುಖ ಕೆಂಪಗಾಗಿ, ಕಿವುಚಿಕೊಂಡು, ಪಾಪು ಕಿರುಚಿತು. ಸಣ್ಣ ದನಿಯೇ, ಆದರೆ ಕಾರಿಡಾರಿನಲ್ಲೆಲ್ಲ ಕೇಳಿಸುವ ಹಾಗೆ, ಬಿಡದೆ ಕಿರುಚಿತು. ಎದುರಿನ ಬಾಗಿಲಲ್ಲಿ ವರಲಕ್ಷ್ಮಿ ಒಂದು ಕೈಯಲ್ಲಿ ಹೊಲಿಗೆಯನ್ನೂ ಇನ್ನೊಂದರಲ್ಲಿ ಗೋಡೆಯನ್ನೂ ಹಿಡಿದುಕೊಂಡು ಬಂದು ನಿಂತಿದ್ದಳು.

"ಅತ್ತೆ, ನಮ್ದಾ ಅದು?"

"ನಮ್ದೇ ಕಣಮ್ಮ."

ಸೀಸೆ ತುಂಬಿತು. ಸಾಬ್ರೀನ್ ಹತ್ತಿ ಒತ್ತಿ, ಮುಚ್ಚಳ ಹಾಕಿ, ಟ್ರೇ ಎತ್ತಿಕೊಂಡು ಮುಂದಿನ ತೊಟ್ಟಿಲಿಗೆ ಹೋದಳು. ರಾಮಲಕ್ಷ್ಮಮ್ಮ ಇನ್ನೂ ಆ ಹಿಮ್ಮಡಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಕೂತಿದ್ದಳು.