ಯಾರ ತೋಟದ ಹುರುಳಿಕಾಯಿ

ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕರು ಬಂದಾಗ ನಾನೂ ನನ್ನ ನಾದಿನಿಯೂ ಶೆಡ್ಡಿನಲ್ಲಿ ಕೋಸಿನ ಹೊರಗಿನ ಎಲೆ ಬಿಡಿಸುತ್ತಿದ್ದೆವು. ಬೇರೆ ದಿನವಾದರೆ ಅವರು ನೇರ ಒಳಗೆ ಬಂದು ಒಂದು ಟೊಮೆಟೊ ಎತ್ತಿ ಹಿಸುಕಿ, "ಹಲ್ಲಿಲ್ಲದ ರೋಗಿಗಳಿಗೆ ಚೆಂಡು ಕಳಿಸ್ತೀರಲ್ಲಮ್ಮಾ" ಎಂದು ರೇಗಿಸುವವರು. ಅಂದು ಬಾಗಿಲಲ್ಲೇ ನಿಂತರು.

"ಮೊನ್ನೆ ಕಳಿಸಿದ ಹುರುಳಿಕಾಯಿ ಯಾರದು?"

"ನಮ್ಮದೇ" ಎಂದಳು ನಾದಿನಿ.

"ನಮ್ಮದು ಅಂದ್ರೆ ಯಾರದು ಅಂತ ಕೇಳ್ತಿದ್ದೀನಿ."

ಹೆಂಗಸರ ವಾರ್ಡಿನಲ್ಲಿ ಮಧ್ಯಾಹ್ನದ ಊಟ ಮಾಡಿದವರೆಲ್ಲ ವಾಂತಿ ಮಾಡಿಕೊಂಡಿದ್ದರಂತೆ. ಪಾತ್ರೆಯಲ್ಲಿ ಉಳಿದದ್ದನ್ನು ಪರೀಕ್ಷೆಗೆ ಕಳಿಸಿದರೆ ಹುರುಳಿಕಾಯಿಯಲ್ಲಿ ಹುಳದ ಔಷಧಿ ಸಿಕ್ಕಿದೆ. ಸೊಂಟ ಮುರಿದು ಬಂದಿದ್ದ ಒಬ್ಬ ಅಜ್ಜಿ ಮತ್ತೆ ಕಣ್ಣು ಬಿಡಲಿಲ್ಲ.

"ಅದರಿಂದಲೇ ಅಂತ ಡಾಕ್ಟ್ರು ಹೇಳ್ತಿಲ್ಲ. ಅದರಿಂದ ಅಲ್ಲ ಅಂತಲೂ ಹೇಳ್ತಿಲ್ಲ" ಎಂದರು.

ನಾದಿನಿ ಕೈಯಲ್ಲಿದ್ದ ಕೋಸನ್ನು ಮೇಜಿನ ಮೇಲಿಟ್ಟಳು. ಯಾರ ತೋಟದ್ದೆಂದು ನಮಗೇ ಗೊತ್ತಿರಲಿಲ್ಲ.

ಯಾಕೆ ಗೊತ್ತಿರಲಿಲ್ಲ ಎಂದು ಹೇಳಬೇಕು. ನಮ್ಮ ಸುತ್ತಿನವರದ್ದೆಲ್ಲ ತುಂಡು ಜಮೀನು. ಒಬ್ಬೊಬ್ಬರೇ ಬೆಳೆದದ್ದನ್ನು ದಲ್ಲಾಳಿಯ ಲಾರಿಗೆ ಏರಿಸಿ, ಅವನು ಕೊಟ್ಟಷ್ಟು ಇಸಕೊಂಡು ಬರುತ್ತಿದ್ದವರು. ಅವರನ್ನೆಲ್ಲ ಮನೆಮನೆ ಸುತ್ತಿ ಒಟ್ಟು ಮಾಡಿದವಳು ನಾದಿನಿ. ಶೆಡ್ಡು ಕಟ್ಟಿಸಿದಳು, ಕೋಲ್ಡ್ ರೂಮು ಹಾಕಿಸಿದಳು, ಹಳೆಯ ವ್ಯಾನು ಕೊಂಡಳು, ಆಸ್ಪತ್ರೆಗೆ ಓಡಾಡಿ ಚಪ್ಪಲಿ ಸವೆಸಿ, ತರಕಾರಿ ನಮ್ಮಿಂದಲೇ ತಗೊಳ್ಳುವ ಹಾಗೆ ಮಾಡಿದಳು. ಮೊದಮೊದಲು ಕ್ರೇಟಿನ ಮೇಲೆ ಬೆಳೆದವರ ಗುರುತು ಇರುತ್ತಿತ್ತು. ಒಂದು ಸಲ ಒಬ್ಬನ ಬದನೆಕಾಯಿ ಹುಳುಕೆಂದು ವಾಪಸ್ ಬಂತು. ಅವನ ತಮ್ಮ ಎಲ್ಲರೆದುರು ನಕ್ಕ. ಅಣ್ಣ ತಮ್ಮ ಮಾತು ಬಿಟ್ಟರು, ಅವರ ಹೆಂಡಿರೂ ಮಾತು ಬಿಟ್ಟರು, ಒಂದೇ ಬಾವಿಗೆ ಬೇರೆ ಬೇರೆ ಹಗ್ಗ ಬಂತು. ಆಗ ನಾದಿನಿ ಗುರುತನ್ನೆಲ್ಲ ಅಳಿಸಿಹಾಕಿದಳು. ಹೊಸ್ತಿಲು ದಾಟಿದ ತರಕಾರಿಗೆ ಯಜಮಾನರಿಲ್ಲ, ಎಲ್ಲ ಒಂದೇ ಮೇಜಿಗೆ ಸುರಿಯುವುದು, ಆರಿಸುವುದು, ತುಂಬುವುದು. ಕೆಟ್ಟದ್ದನ್ನು ತೆಗೆದು ಬುಟ್ಟಿಗೆ ಹಾಕುತ್ತಿದ್ದೆವೇ ಹೊರತು ಯಾರದೆಂದು ಕೇಳುತ್ತಿರಲಿಲ್ಲ. ಅಣ್ಣ ತಮ್ಮ ಮತ್ತೆ ಒಂದೇ ಬೀಡಿ ಹಂಚಿಕೊಂಡರು. ನಮಗೆ ಅದೇ ದೊಡ್ಡ ಹೆಮ್ಮೆ.

ಆದರೆ ಔಷಧಿ ಕಣ್ಣಿಗೆ ಕಾಣುವ ಹುಳುಕಲ್ಲ.

"ಹೆಸರು ಹೇಳಿ" ಎಂದರು ಮೇಲ್ವಿಚಾರಕರು. "ಅವರೊಬ್ಬರನ್ನ ಬಿಟ್ಟು ಮಿಕ್ಕವರ ಹತ್ರ ತಗೊಳ್ತೀನಿ ಅಂತ ಮೇಲಿನವರಿಗೆ ಹೇಳ್ಬಹುದು. ಇಲ್ಲಾಂದ್ರೆ ಕಷ್ಟ. ನಾಳೆ ಬೆಳಿಗ್ಗೆ ಬರ್ತೀನಿ."

ಸಂಜೆ ನಾದಿನಿ ಎಲ್ಲರನ್ನೂ ಕರೆಸಿದಳು. ಹುರುಳಿಕಾಯಿ ಹಾಕಿದ್ದವರು ಮುಂದೆ ಕೂತರು, ಹಾಕದವರು ಹಿಂದೆ. ಹೇಳಿಕೊಟ್ಟವರಿಲ್ಲ, ತಾವಾಗಿಯೇ ಹಾಗೆ ಕೂತರು.

"ಔಷಧಿ ಹೊಡೆದ ಮೇಲೆ ವಾರ ಬಿಟ್ಟು ಕೀಳಬೇಕು ಅಂತ ಎಲ್ಲರಿಗೂ ಗೊತ್ತು" ಎಂದಳು. "ಯಾರೋ ಬೇಗ ಕಿತ್ತಿದ್ದೀರಿ. ನಾನು ಬೈಯಲ್ಲ. ಹೇಳಿಬಿಡಿ."

"ಗೊತ್ತಿದ್ದವರು ಹೇಳ್ತಾರೆ. ನಾನಂತೂ ಹೊಡೆಯೋದೇ ಇಲ್ಲ" ಎಂದರು ಗೊಣಗಜ್ಜ. ಯಾವಾಗಲೂ ಗೊಣಗುತ್ತಾರೆಂದು ಆ ಹೆಸರು. ಸ್ವಂತ ಹೆಸರು ಅವರಿಗೇ ಮರೆತಿರಬೇಕು.

"ಹೊಡೆಯೋದೇ ಇಲ್ವಂತೆ. ನಿಮ್ಮ ಮುಖ ನೋಡೇ ಹುಳ ಓಡಿಹೋಗ್ತಾವಾ ಅಜ್ಜಾ?" ಎಂದ ಬದನೆಕಾಯಿಯವನ ತಮ್ಮ.

"ನಿನ್ನ ಪಂಪು ಹೋದ ವಾರ ಬೇಲಿ ಮೇಲೆ ಒಣಗ್ತಾ ಇತ್ತಲ್ಲೋ, ಅದೇನು ಸೊಳ್ಳೆಗಾ?"

ಅಣ್ಣ ತಿರುಗಿ ತಮ್ಮನ ಮುಖ ನೋಡಿದ. "ನನ್ನನ್ನ ಯಾಕೆ ನೋಡ್ತೀಯ?" ಎಂದ ತಮ್ಮ. "ನೋಡಬಾರದಾ?" ಎಂದ ಅಣ್ಣ. ಆಮೇಲೆ ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು.

ಮೇಜು ಒರೆಸುತ್ತಾ ನಾನು ಹೇಳಿದೆ: "ಎಲ್ಲರ ತೋಟದ ಗಿಡವನ್ನೂ ಪರೀಕ್ಷೆಗೆ ಕಳಿಸು ಕಣೇ. ಗೊತ್ತಿಲ್ಲ, ಹುಡುಕ್ತಾ ಇದ್ದೀವಿ ಅಂತ ಅವರಿಗೆ ನೇರವಾಗಿ ಹೇಳು."

"ಒಬ್ಬೊಬ್ಬರ ತೋಟಕ್ಕೆ ಕಳ್ಳರ ಮನೆಗೆ ನುಗ್ಗಿದ ಹಾಗೆ ನುಗ್ಗಿದ್ರೆ ನಾಳೆ ಯಾರು ಈ ಹೊಸ್ತಿಲು ತುಳೀತಾರೆ ಅತ್ತಿಗೆ? ನಾನೇ ಕಟ್ಟಿದ್ದನ್ನ ನಾನೇ ಒಡೀಲಾ?"

"ಹೊಡೆದವರು ಒಳಗೇ ಇರ್ತಾರಲ್ಲ. ಮತ್ತೆ ಹಾಗೇ ಬೇಗ ಕೀಳ್ತಾರೆ."

"ಇಷ್ಟಾದ ಮೇಲೆ ಯಾರು ಕೀಳ್ತಾರೆ, ಬಿಡಿ" ಎಂದಳು. ಅವಳ ದನಿಯಲ್ಲಿ ಏನೋ ತೀರ್ಮಾನ ಆಗಿಹೋಗಿತ್ತು. ಏನೆಂದು ನಾನು ಕೇಳಬೇಕಿತ್ತು. ಬೆಳಿಗ್ಗೆಯವರೆಗೂ ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ಮೇಲ್ವಿಚಾರಕರು ಬಂದು ಕೂರುವ ಮೊದಲೇ, "ನನ್ನದೇ ಸರ್" ಎಂದಳು. "ನನ್ನ ತೋಟದ್ದು. ಮದುವೆ ಮನೆಗೆ ಹೋಗೋದಿತ್ತು, ಅವಸರದಲ್ಲಿ ಕಿತ್ತೆ. ನನ್ನನ್ನ ಬಿಟ್ಟುಬಿಡಿ, ಶೆಡ್ಡನ್ನ ಅಣ್ಣ ತಮ್ಮ ನೋಡ್ಕೊಳ್ತಾರೆ."

ಸುತ್ತ ನಿಂತಿದ್ದವರ ಮೈಯೆಲ್ಲ ಸಡಿಲವಾದದ್ದು ನನಗೆ ಕಂಡಿತು. ಗೊಣಗಜ್ಜ ಕೂಡ ಗೊಣಗಲಿಲ್ಲ. ಅವರಲ್ಲಿ ಒಬ್ಬರ ನೆಮ್ಮದಿ ಬೇರೆಯವರದ್ದಕ್ಕಿಂತ ದೊಡ್ಡದಿರಬೇಕು ಎಂದು ಒಂದೊಂದೇ ಮುಖ ನೋಡಿದೆ. ಎಲ್ಲವೂ ಒಂದೇ ಥರ ಇದ್ದವು.

"ಒಪ್ಪಿಕೊಂಡ್ರಲ್ಲ, ಒಳ್ಳೇದಾಯ್ತು. ಮಿಕ್ಕವರದ್ದು ಉಳಿಯುತ್ತೆ" ಎಂದರು ಮೇಲ್ವಿಚಾರಕರು. ಆಮೇಲೆ, "ನಡೀರಿ, ಆ ತೋಟದಿಂದ ಒಂದೆರಡು ಗಿಡ, ಹಿಡಿ ಮಣ್ಣು ತಗೊಂಡು ಹೋಗ್ಬೇಕು. ಪರೀಕ್ಷೆಯವರು ಜೀಪಲ್ಲಿದ್ದಾರೆ" ಎಂದರು.

ನಾದಿನಿ ಕದಲಲಿಲ್ಲ. ಅವಳ ತೋಟದ ಹುರುಳಿ ಗಿಡಗಳನ್ನು ನಾವಿಬ್ಬರೇ ಕಿತ್ತು ದನಕ್ಕೆ ಹಾಕಿ ಎರಡು ತಿಂಗಳಾಗಿತ್ತು.

"ಗಿಡ ಕಿತ್ತಾಯ್ತು ಸರ್."

"ಮಣ್ಣು ಇರುತ್ತಲ್ಲ."

ಕಾಲುದಾರಿಯಲ್ಲಿ ಅವಳು ಮುಂದೆ, ಅವರು ಹಿಂದೆ, ಕೊನೆಗೆ ನಾನು. ಬದುವಿನ ಮೇಲೆ ನಿಂತು ಮೇಲ್ವಿಚಾರಕರು ಕೆಳಗೆ ನೋಡಿದರು. ಸಾಲುಸಾಲಾಗಿ ಎಳೆಯ ಸೊಪ್ಪು ಗಾಳಿಗೆ ಆಡುತ್ತಿತ್ತು. ಬಗ್ಗಿ ಒಂದನ್ನು ಎಳೆದರು. ಕಿರುಬೆರಳಷ್ಟು ಗಡ್ಡೆ ಬಂತು.

"ಇದು ಕ್ಯಾರೆಟ್ ಅಲ್ವೇನಮ್ಮಾ?"

"ಹೌದು."

"ಮೊನ್ನೆ ಇಲ್ಲಿ ಹುರುಳಿಕಾಯಿ ಕಿತ್ತಿರಿ."

ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಮಣ್ಣು ಒರೆಸಿ ಆ ಕ್ಯಾರೆಟ್ಟನ್ನು ಬದುವಿನ ಮೇಲಿಟ್ಟು ಮೆಲ್ಲಗೆ ಹೇಳಿದರು: "ಗೊತ್ತಿಲ್ಲ ಅಂದಿದ್ರೆ ಎಲ್ಲರ ತೋಟ ಪರೀಕ್ಷೆ ಮಾಡ್ಸೋಣ ಅಂತ ಮೇಲಿನವರ ಕಾಲು ಹಿಡೀತಿದ್ದೆ. ಈಗ ನಿಮ್ಮ ಯಾವ ಮಾತು ನಂಬಿ ಅಂತ ಹೇಳ್ಲಿ? ಆ ಅಜ್ಜಿಯ ಮಗಳು ದಿನಾ ಬಂದು ಅಡುಗೆಮನೆ ಬಾಗಿಲಲ್ಲಿ ಕೂರ್ತಾಳೆ. ಯಾರದು ಅಂತ ಒಂದೇ ಮಾತು ಕೇಳ್ತಾಳೆ. ನಿಮ್ಮ ಹೆಸರು ಹೇಳ್ಲಾ ಅವಳಿಗೆ?"

"ಹೇಳಿ."

"ಸುಳ್ಳಾಗುತ್ತಲ್ಲಮ್ಮಾ."

ಆ ವಾರದಿಂದ ಆಸ್ಪತ್ರೆಗೆ ನಮ್ಮ ವ್ಯಾನು ಹೋಗಲಿಲ್ಲ. ಕೋಲ್ಡ್ ರೂಮಿನಲ್ಲಿದ್ದದ್ದನ್ನು ಹಂಚಿ, ವಾಸನೆ ಹಿಡಿಯದಿರಲೆಂದು ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಟ್ಟೆವು. ಅಣ್ಣ ತಮ್ಮ ಶೆಡ್ಡಿನ ತಕ್ಕಡಿಗಾಗಿ ಜಗಳಾಡಿದರು. ಔಷಧಿ ಹೊಡೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಹೊಡೆದವರಿಗೇ ಗೊತ್ತಿದೆಯೋ, ಅವರೂ ಬೇರೆಯವರದ್ದೆಂದು ನಂಬಿಕೊಂಡುಬಿಟ್ಟಿದ್ದಾರೋ.

ದಲ್ಲಾಳಿಯ ಲಾರಿ ಮತ್ತೆ ರಸ್ತೆಯ ತಿರುವಿಗೆ ಬಂತು. ಮೊದಲ ದಿನ ನಾದಿನಿಯೂ ನಾನೂ ಕೋಸು ಹೊತ್ತುಕೊಂಡು ಹೋದೆವು. ನಮ್ಮ ಮುಂದೆ ಗೊಣಗಜ್ಜ ಹುರುಳಿಕಾಯಿಯ ಮೂಟೆ ಇಳಿಸಿಕೊಂಡು ನಿಂತಿದ್ದರು. ಕಾಯಿಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ ಒಣಗಿತ್ತು. ಧೂಳೂ ಇರಬಹುದು.

ನಾದಿನಿ ಒಂದು ಕಾಯಿ ಎತ್ತಿ ಉಗುರಿನಿಂದ ಕೆರೆದು ಮೂಸಿದಳು. "ಯಾವಾಗ ಕಿತ್ತಿದ್ದು ಅಜ್ಜಾ?"

"ಇವತ್ತು."

"ಹೊಡೆದಿದ್ದು?"

ಅಜ್ಜ ಲಾರಿಯ ಕಡೆ ನೋಡಿದರು. "ಇಲ್ಲಿ ಯಾರು ಕೇಳ್ತಾರೆ?"

ಅವಳು ದಲ್ಲಾಳಿಯನ್ನು ಕೇಳಿದಳು: "ಇದು ಯಾವ ಊರಿಗೆ ಹೋಗುತ್ತಪ್ಪಾ?"

ಅವನು ಬೆನ್ನು ತಿರುಗಿಸಿಕೊಂಡೇ, "ಹೋಗೋ ಕಡೆ ಹೋಗುತ್ತಕ್ಕಾ, ಬೇಗ ಎತ್ತಿ" ಎಂದ.

ಅಜ್ಜನ ಕೈಲಿ ಮೂಟೆ ಏಳಲಿಲ್ಲ. ಹಿಂದೆ ನಿಂತವರು ಗದರತೊಡಗಿದರು. ನಾದಿನಿ ಕಾಯಿಯನ್ನು ಮೂಟೆಗೇ ಹಾಕಿ, ಬಗ್ಗಿ ಅದರ ಇನ್ನೊಂದು ಮೂಲೆ ಹಿಡಿದು ಎತ್ತಿಕೊಟ್ಟಳು.