ಗ್ರಹಣದ ದಿನ ಬಿದ್ದ ಒನಕೆ

ನಾನು ಒಂದು ಒನಕೆ. ಗದಗದ ಪಕ್ಕದ ಬೆಟಗೇರಿಯ ಬಡಿಗ ಈರಪ್ಪ ಜಾಲಿಮರ ಕೆತ್ತಿ, ತಳಕ್ಕೆ ಕಬ್ಬಿಣದ ಬಳೆ ಬಡಿದು ನನ್ನನ್ನು ಹುಟ್ಟಿಸಿದ. ನೇಕಾರರ ಮನೆಗೆ ಸೊಸೆಯಾಗಿ ಹೊರಟ ಬನಶಂಕರವ್ವನ ಜೊತೆ ತವರಿನವರು ನನ್ನನ್ನೂ ಕಳಿಸಿದರು. ಮೂವತ್ತು ವರ್ಷ ಜೋಳ ಕುಟ್ಟಿದೆ, ಖಾರ ಕುಟ್ಟಿದೆ. ಅದಕ್ಕೆ ಯಾರೂ ಭೇಷ್ ಅನ್ನಲಿಲ್ಲ.

ನನಗೆ ಮರ್ಯಾದೆ ಗ್ರಹಣದ ದಿನ ಮಾತ್ರ. ತಾಟಿನಲ್ಲಿ ನೀರು ಹಾಕಿ ನನ್ನನ್ನು ನಿಲ್ಲಿಸುತ್ತಿದ್ದರು. ನಾನು ನಿಂತಿದ್ದರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿತು ಎಂದು ನಂಬಿಕೆ. ಓಣಿಯವರೆಲ್ಲ ಬಂದು ಕೈಮುಗಿಯುವವರೇ! ಅಲ್ಲ, ನನ್ನ ತಳ ಸಪಾಟಾಗಿದೆ, ಅದಕ್ಕೆ ನಿಲ್ಲುತ್ತೇನೆ. ಬೇರೆ ದಿನ ನಿಲ್ಲಿಸಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಎಂಬತ್ತನೇ ಇಸವಿಯ ಫೆಬ್ರವರಿಯಲ್ಲಿ ಪೂರ್ಣ ಸೂರ್ಯಗ್ರಹಣ ಬಂತು. ಬನಶಂಕರವ್ವನ ಸೊಸೆ ಸುಲೋಚನಾ ಆಗ ಆರು ತಿಂಗಳ ಬಸುರಿ.

"ಅತ್ತಿ, ಇದು ಪೂರ್ತಿ ಕಾಣೂದು ಒಂದು ಸಣ್ಣ ಪಟ್ಟಿಯೊಳಗ ಅಷ್ಟ. ಅಂಕೋಲಾ, ಗದಗ, ರಾಯಚೂರು. ಪರದೇಶದವರು ದುರ್ಬೀನು ಹೊತ್ಕೊಂಡು ಬಂದಾರ. ನಮ್ಮ ಅಂಗಳಕ್ಕ ಬಂದಿದ್ದನ್ನ ನಾ ನೋಡಬಾರ್ದೇನು?"

"ಬಸುರಿ ನೋಡಿದ್ರ ಕೂಸಿನ ತುಟಿ ಸೀಳತೈತಿ. ಒನಕಿ ಬೀಳೂತನಕ ಹೊಸ್ತಿಲಾ ದಾಟಿದ್ರ ನೋಡು ಮತ್ತ!"

ಒನಕೆ ಬೀಳುವತನಕ. ಸುಲೋಚನಾ ಅಷ್ಟನ್ನೇ ಹಿಡಿದುಕೊಂಡಳು.

ಆ ಮಧ್ಯಾಹ್ನ ನಡುಮನೆಯಲ್ಲಿ ಹದಿನೈದು ಮಂದಿ ನನ್ನನ್ನೇ ನೋಡುತ್ತ ಕೂತಿದ್ದರು. ಮೂರೂವರೆ ದಾಟಿತು. ಹಿತ್ತಲಿನ ಕೋಳಿಗಳು ಗೂಡು ಸೇರಿದವು. ಸೂರ್ಯ ಪೂರ್ತಿ ಮುಚ್ಚಿದಾಗ ಮಾತ್ರ ಬರಿಗಣ್ಣಿಂದ ನೋಡಬಹುದು, ಅದೂ ಎರಡೂವರೆ ನಿಮಿಷ ಎಂದು ಸುಲೋಚನಾ ಪೇಪರಿನಲ್ಲಿ ಓದಿದ್ದಳು. ಕೈಗಡಿಯಾರ ನೋಡಿದಳು. ಬಾಗಿಲ ಸಂದಿಯ ಬೆಳಕು ಆರಿದ್ದೇ ತಡ, ಅವಳ ಕಾಲು ತಾಟಿಗೆ ತಾಗಿತು. ನಾನೂ ಸಾವರಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಧಡ್ ಎಂದು ಬಿದ್ದೆ.

"ಬಿತ್ತು! ಗ್ರಹಣ ಬಿಡ್ತು!"

ಬಾಗಿಲು ತೆರೆದು ಎಲ್ಲರೂ ಹೊರಗೆ ನುಗ್ಗಿದರು. ಹಾಡುಹಗಲೇ ಕತ್ತಲು! ನಾನು ನೀರಿನಲ್ಲಿ ಬಿದ್ದುಕೊಂಡು ಬರೀ ಕೇಳಿಸಿಕೊಂಡೆ. ಮೊದಲು ಚೀರಾಟ. ಆಮೇಲೆ ಬನಶಂಕರವ್ವನ ದನಿ.

"ಯವ್ವಾ, ಏನ್ ಛಂದ ಐತಿ! ಸೂರ್ಯಾ ಬೆಳ್ಳನ ಕೂದಲಾ ಬಿಟ್ಕೊಂಡು ನಿಂತಾನ! ಚುಕ್ಕಿ ನೋಡ್ರಿ, ಚುಕ್ಕಿ!"

ಸುಲೋಚನಾ ನಗುತ್ತ ಅಳುತ್ತ, "ಸಾಕು, ಕಣ್ಣು ಕೆಳಗ ಮಾಡ್ರಿ, ಒಳಗ ನಡೀರಿ" ಎಂದು ಎಲ್ಲರನ್ನೂ ಒಳಗೆ ಅಟ್ಟಿದಳು.

ಒಳಗೆ ಬಂದದ್ದೇ ಜಗಳ ಶುರುವಾಯಿತು. ಗ್ರಹಣ ಬಿಡುವ ಮೊದಲೇ ಒನಕೆ ಕೆಡವಿದವರು ಯಾರು? ಬಸುರಿಯ ಗತಿ ಏನು? ಸುಲೋಚನಾ ಬಾಯಿ ತೆರೆಯುವುದರೊಳಗೆ ಅತ್ತೆ ಸೆರಗು ಬಿಗಿದು ಎದ್ದಳು.

"ನಾನ ಕೆಡವೀನಿ. ಏನೀಗ?"

ತಾಟಿಗೆ ತಾಗಿದ ಸೊಸೆಯ ಕಾಲನ್ನು ಅವಳು ಕಂಡಿದ್ದಳು. ಮೂರು ತಿಂಗಳು ಓಣಿಯವರು ಅವಳ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವಳಿಗೂ ಒಳಗೊಳಗೆ ಪುಕುಪುಕು. ಖಾರ ಕುಟ್ಟುತ್ತಲೇ ಹೆರಿಗೆಗೆ ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುತ್ತಿದ್ದಳು.

ಈಗ ಮಿಕ್ಸರ್ ಬಂದಿದೆ, ಬನಶಂಕರವ್ವ ಇಲ್ಲ. ನಾನು ಬಳೆಗೆ ತುಕ್ಕು ಹಿಡಿದು ಕದದ ಹಿಂದೆ ಬಿದ್ದಿದ್ದೇನೆ. ಗ್ರಹಣ ಬಂದರೆ ಇಂದಿಗೂ ಯಾರೋ ನನ್ನನ್ನು ಕೇಳಿಕೊಂಡು ಬರುತ್ತಾರೆ, ಸುಲೋಚನಾ ಕೊಡುವುದಿಲ್ಲ. ಎಷ್ಟು ಸಲ ನಿಂತೆನೋ ನನಗೆ ನೆನಪಿಲ್ಲ, ಬಿದ್ದದ್ದೊಂದು ನೆನಪಿದೆ. ಮತ್ತೆ ನೆನಪಿರುವುದು ಆ ಮೇ ತಿಂಗಳ ಒಂದು ಬೆಳಗು. ಎಂಟು ದಿನದ ಕೂಸನ್ನು ಎತ್ತಿಕೊಂಡು ಬನಶಂಕರವ್ವ ಓಣಿಯ ನಡುವೆ ನಿಂತು ಕೂಗುತ್ತಿದ್ದಳು:

"ಹೊರಗ ಬರ್ರಿ ಎಲ್ಲಾರೂ! ತುಟಿ ನೋಡ್ರಿ, ಬಿಸಲಿಗೆ ಹಿಡದು ನೋಡ್ರಿ! ನಮ್ಮ ಕೂಸು ಹೊಟ್ಟ್ಯಾಗಿಂದನ ಗ್ರಹಣ ನೋಡಿ ಬಂದೈತಿ!"